ಅದು ನಿನಗೇನು?

ಸಂಪಾದಕರೇ,

‘ಚರ್ಚಿಗೆ ಹೋಗುವವರೇ ಹೀಗೆ ಮಾಡಿದರೆ ಯೇಸುವನ್ನು ನಂಬುವುದು ಹೇಗೆ’ ಎಂದು ನಿಮ್ಮ ಓದುಗರೊಬ್ಬರು ಬರೆದಿದ್ದರು. ಸಿಟ್ಟು ನ್ಯಾಯವೇ. ಚೀಟಿ ದುಡ್ಡು ನುಂಗಿದವನು ಭಾನುವಾರ ಮುಂದಿನ ಬೆಂಚಿನಲ್ಲಿ ಕೂತು ಗಟ್ಟಿಯಾಗಿ ಹಾಡಿದರೆ ಯಾರ ಮೈ ಉರಿಯುವುದಿಲ್ಲ? ಆದರೆ ಅವನನ್ನು ನೋಡಿ ಯೇಸುವನ್ನೇ ಬಿಟ್ಟವರೂ ಸರಿ, ಪಕ್ಕದ ಬೆಂಚಿನವರನ್ನು ನೋಡಿ ಹಾಗೇ ಆಗಲು ಹೊರಟವರೂ ಸರಿ, ನೋಡುತ್ತಿರುವುದು ಮನುಷ್ಯರನ್ನೇ.

ನಮ್ಮ ಬೆಟಗೇರಿ ಕಡೆ ಎರಡನೇ ನಮೂನೆಯವರು ಜಾಸ್ತಿ. ಹೊಸದಾಗಿ ಸಭೆಗೆ, ಅಂದರೆ ಚರ್ಚಿನ ಬಳಗಕ್ಕೆ, ಬಂದ ಹೆಣ್ಣುಮಗಳು ಮೊದಲು ಬಳೆ ತೆಗೆಯುತ್ತಾಳೆ, ಆಮೇಲೆ ಓಲೆ. ಯಾಕವ್ವಾ ಎಂದರೆ ‘ಅಕ್ಕಾರೆಲ್ಲಾ ತೆಗದಾರಲ್ರೀ’ ಅನ್ನುತ್ತಾಳೆ. ಓಲೆ ಹಾಕಿ ಎಂದಾಗಲಿ ತೆಗೆಯಿರಿ ಎಂದಾಗಲಿ ನಾನು ಹೇಳುತ್ತಿಲ್ಲ, ಉತ್ತರದಲ್ಲಿ ಯೇಸುವಿನ ಹೆಸರೇ ಬರಲಿಲ್ಲವಲ್ಲ ಅನ್ನುವುದಷ್ಟೇ ನನ್ನ ತಕರಾರು. ಇನ್ನು ಹುಡುಗರು. ಮೊಬೈಲಿನಲ್ಲಿ ಕಂಡ ಬೋಧಕರ ಅದೇ ನಡುಗುವ ದನಿ, ಅದೇ ಕೈಬೀಸು, ಮಾತಿಗೊಮ್ಮೆ ‘ಪ್ರೈಸ್ ದ ಲಾರ್ಡ್’, ಮೇ ತಿಂಗಳ ಬಿಸಿಲಲ್ಲೂ ಕೋಟು. ಮನೆಯಲ್ಲಿ ಅವ್ವನ ಜೊತೆ ಮಾತಾಡುವಾಗ ಮಾತ್ರ ಆ ದನಿ ಇರುವುದಿಲ್ಲ ಬಿಡಿ.

ಹಿರಿಯರನ್ನು ನೋಡಿ ಕಲಿಯಬಾರದಾ ಎಂದು ಕೇಳುತ್ತಾರೆ. ಕಲಿಯಿರಿ. ಆದರೆ ಬೈಬಲ್ಲಿನಲ್ಲಿ, ಮೊದಮೊದಲ ಬೋಧಕರಲ್ಲೊಬ್ಬನಾದ ಪೌಲ ಗಲಾತ್ಯದ ಸಭೆಗಳಿಗೆ ಬರೆದ ಪತ್ರದ 2ನೇ ಅಧ್ಯಾಯವನ್ನೂ ಓದಿ. ಪೇತ್ರ ಸಣ್ಣ ಆಸಾಮಿಯಲ್ಲ, ಯೇಸುವಿನ ಜೊತೆಗೇ ತಿರುಗಾಡಿದವನು. ಅಂತಿಯೋಕ್ಯ ಎಂಬ ಊರಿನಲ್ಲಿ ಯೆಹೂದ್ಯರಲ್ಲದವರ ಜೊತೆ ಕೂತು ಉಣ್ಣುತ್ತಿದ್ದ; ಕಟ್ಟುನಿಟ್ಟಿನ ಯೆಹೂದ್ಯರು ಹಾಗೆ ಉಣ್ಣುತ್ತಿರಲಿಲ್ಲ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದರು ನೋಡಿ, ಹೆದರಿ ಮೆಲ್ಲಗೆ ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು. ಪೌಲನ ಜೊತೆಗಾರ ಬಾರ್ನಬನಂಥವನೂ ಸರಿದ! ಪೌಲ ಎಲ್ಲರ ಮುಂದೆಯೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ‘ನನ್ನಂತೆ ನಡೆಯಿರಿ’ ಎಂದು ಕೊರಿಂಥದವರಿಗೆ ಬರೆದವನೂ ಇದೇ ಪೌಲ, ಆದರೆ ‘ನಾನು ಕ್ರಿಸ್ತನಂತೆ ನಡೆಯುವ ಹಾಗೆ’ ಎಂಬ ಷರತ್ತು ಹಾಕಿಯೇ ಬರೆದ. ಪಂಕ್ತಿಭೇದ ಅಂದರೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಚರ್ಚಿನೊಳಗೂ ಹೆಣ್ಣು ಗಂಡು ನೋಡುವಾಗ ಮೆಲ್ಲಗೆ ಜಾತಿ ಕೇಳುವವರಿದ್ದಾರೆ. ಜನ ಹೀನಾಯವಾಗಿ ಕಾಣುತ್ತಿದ್ದ ಸುಂಕದವರ ಮನೆಯಲ್ಲಿ ಉಂಡ ಯೇಸುವಿನಿಂದ ಇದನ್ನು ಕಲಿತರಾ? ಹಿಂದಿನವರು ಕೇಳಿದರು, ಇವರೂ ಕೇಳುತ್ತಾರೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂತು. ಅವರು ತೆರೆದ ಶಾಲೆಗಳ ಋಣ ದೊಡ್ಡದು. ಹಾಗೆಂದು ಅವರ ಜೊತೆ ಬಂದ ರೀತಿ ರಿವಾಜೆಲ್ಲ ಯೇಸು ಹೇಳಿಕೊಟ್ಟದ್ದಲ್ಲ, ಎಷ್ಟೋ ಅವರ ಊರಿನವು. ಅದೇ ಮಿಷನ್ನಿನ ಕಿಟೆಲ್ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದ. ಅವನಿಗೆ ಈ ವ್ಯತ್ಯಾಸ ಗೊತ್ತಿತ್ತು ಅನ್ನಿಸುತ್ತದೆ.

ಬೈಬಲ್ಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಯೋಹಾನನ ಸುವಾರ್ತೆಯ ಕೊನೆಯಲ್ಲಿ ಪೇತ್ರ ಹಿಂದೆ ತಿರುಗಿ ಇನ್ನೊಬ್ಬ ಶಿಷ್ಯನನ್ನು ನೋಡಿ ‘ಸ್ವಾಮೀ, ಇವನ ಕಥೆ ಏನು’ ಎಂದು ಕೇಳುತ್ತಾನೆ. ‘ಅದು ನಿನಗೇನು? ನೀನು ನನ್ನ ಹಿಂದೆ ಬಾ’ ಎಂಬರ್ಥದ ಮಾತಿನಲ್ಲಿ ಯೇಸು ಅವನ ಬಾಯಿ ಮುಚ್ಚಿಸುತ್ತಾನೆ. ನನಗೆ ಈ ಗದರಿಕೆ ಬಹಳ ಇಷ್ಟ.

ನಿಮ್ಮ ಓದುಗರು ಚರ್ಚಿಗೆ ಬರದಿದ್ದರೂ ಚಿಂತೆಯಿಲ್ಲ, ಮಾರ್ಕನ ಸುವಾರ್ತೆ ಓದಲಿ. 16 ಅಧ್ಯಾಯ, ಒಂದು ಸಂಜೆ ಸಾಕು. ಬೇಡ ಎನಿಸಿದರೆ ಆಮೇಲೆ ಬಿಡಲಿ. ನಮ್ಮ ಸಭೆಗಳ ಹಿರಿಯರೂ ಸಾಕ್ಷಿ ಹೇಳುವ, ಅಂದರೆ ಒಬ್ಬೊಬ್ಬರೂ ತಮ್ಮ ನಂಬಿಕೆಯ ಅನುಭವ ಹೇಳಿಕೊಳ್ಳುವ, ಹೊತ್ತನ್ನು ಒಂದಿಷ್ಟು ಕಡಿಮೆ ಮಾಡಿ ಅದನ್ನೇ ಮೊದಲಿನಿಂದ ಕೊನೆಯವರೆಗೆ ಓದಿಸಿದರೆ ಒಳ್ಳೆಯದು.

– ಒಬ್ಬ ಓದುಗ, ಗದಗ-ಬೆಟಗೇರಿ