ನಿದ್ದೆಗೆಟ್ಟವರಿಗೆ ಆಮ್ಲಜನಕದ ಮಾರಾಟ

ಸಂಪಾದಕರಿಗೆ,

ಮಾನ್ಯರೇ,

ಒಂದು ಗಂಟೆ ಆಮ್ಲಜನಕ ಉಸಿರಾಡಿದರೆ ವಾರವಿಡೀ ಕೆಟ್ಟ ನಿದ್ದೆಯ ಆಯಾಸವೆಲ್ಲ ಪರಿಹಾರವಾಗುತ್ತದೆ, ಮನಸ್ಸಿನ ಒತ್ತಡ ಇಳಿಯುತ್ತದೆ ಎಂಬ ಜಾಹೀರಾತುಗಳು ಈಚೆಗೆ ಮೊಬೈಲ್ ತೆರೆದಾಗಲೆಲ್ಲ ಎದುರಾಗುತ್ತಿವೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಅರಿವಳಿಕೆ ವೈದ್ಯೆಯಾಗಿ ಕೆಲಸ ಮಾಡಿ ನಿವೃತ್ತಳಾದ ನಾನು ರೋಗಿಗಳಿಗೆ ಅತಿ ಹೆಚ್ಚು ಸಲ ಕೊಟ್ಟ ಔಷಧವೆಂದರೆ ಆಮ್ಲಜನಕವೇ. ಅದರ ಮೇಲಿನ ಗೌರವದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಬರೆಯಲು ಕಾರಣವಾದದ್ದು ಮನೆಯದೇ ಒಂದು ಪ್ರಸಂಗ. ಬೆಂಗಳೂರಿನಲ್ಲಿ ಅಮೆರಿಕದ ಗ್ರಾಹಕರಿಗಾಗಿ ರಾತ್ರಿ ಪಾಳಿಯಲ್ಲಿ ದುಡಿಯುವ ನನ್ನ ಅಕ್ಕನ ಮಗ, ಕಂಪನಿಯವರೇ ಕೊಟ್ಟ ಕೂಪನ್ ಹಿಡಿದು ಒಂದು ಶನಿವಾರ ‘ವೆಲ್‌ನೆಸ್’ ಕೇಂದ್ರವೊಂದಕ್ಕೆ ಹೋಗಿ, ಗಾಳಿಯ ಒತ್ತಡ ಏರಿಸಿ ಆಮ್ಲಜನಕ ಕೊಡುವ, ಜಿಪ್ ಎಳೆದು ಮುಚ್ಚುವ ಗುಡಾರದಂಥ ಕೊಠಡಿಯಲ್ಲಿ ಒಂದು ಗಂಟೆ ಮಲಗಿ, ತುಂಬ ಹಗುರವಾಯಿತೆಂದು ಸಂತೋಷಪಟ್ಟು, ಸಂಜೆ ತಾನೇ ಕಾರು ಓಡಿಸಿಕೊಂಡು ಮೈಸೂರಿಗೆ ಹೊರಟ. ಮದ್ದೂರು ದಾಟಿದ ಮೇಲೆ ಯಾವಾಗ ಕಣ್ಣು ಮುಚ್ಚಿತೋ ಅವನಿಗೇ ತಿಳಿಯದು. ಕಾರು ರಸ್ತೆ ನಡುವಿನ ತಡೆಗೆ ಉಜ್ಜಿಕೊಂಡು ಹೋದ ಸದ್ದಿಗೆ ಎಚ್ಚರವಾಯಿತಂತೆ. ಬಾಗಿಲು ಜಜ್ಜಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಮನೆಗೆ ಬಂದವನು ಹೇಳಿದ ಮೊದಲ ಮಾತು: ‘ಚಿಕ್ಕಮ್ಮ, ಅಲ್ಲಿಂದ ಹೊರಡುವಾಗ ಬೆರಳಿಗೆ ಹಾಕಿ ನೋಡಿದ್ದರು, ಸ್ಯಾಚುರೇಷನ್ 99 ಇತ್ತು.’ ‘ಒಳಗೆ ಹೋಗುವ ಮುಂಚೆಯೂ ಅಷ್ಟೇ ಇರುತ್ತಿತ್ತು ಕಣಪ್ಪ’ ಎಂದೆ.

ಆ 99ರಲ್ಲೇ ವಿಷಯವೆಲ್ಲ ಅಡಗಿದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಶೇಕಡಾ ಎಷ್ಟು ಭರ್ತಿಯಾಗಿದೆ ಎಂಬುದೇ ಸ್ಯಾಚುರೇಷನ್. ಆರೋಗ್ಯವಂತರ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 15 ಗ್ರಾಂ ಹಿಮೋಗ್ಲೋಬಿನ್ ಇರುತ್ತದೆ, ಪ್ರತಿ ಗ್ರಾಂ ಹಿಮೋಗ್ಲೋಬಿನ್ 1.34 ಮಿಲಿಲೀಟರ್ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಒಟ್ಟು 20 ಮಿಲಿಲೀಟರಿನಷ್ಟು ಹಿಮೋಗ್ಲೋಬಿನ್ ಹೊರುತ್ತಿದ್ದರೆ, ರಕ್ತದ ದ್ರವದಲ್ಲಿ ಕರಗಿರುವುದು ಕೇವಲ 0.3 ಮಿಲಿಲೀಟರ್. ಶೇ 21ರಷ್ಟು ಆಮ್ಲಜನಕವಿರುವ ಮಾಮೂಲಿ ಗಾಳಿಯಲ್ಲೇ ಹಿಮೋಗ್ಲೋಬಿನ್ ಬಹುತೇಕ ಭರ್ತಿಯಾಗಿರುವುದರಿಂದ, ಮೂಗಿಗೆ ನಳಿಕೆ ಇಟ್ಟು ಮತ್ತಷ್ಟು ಕೊಡುವುದು ತುಂಬಿದ ಬಿಂದಿಗೆಗೆ ನೀರು ಸುರಿದಂತೆ. ಶುದ್ಧ ಆಮ್ಲಜನಕವನ್ನೇ ಉಸಿರಾಡಿದರೂ ಕರಗಿದ ಭಾಗ ಸುಮಾರು 2 ಮಿಲಿಲೀಟರಿಗೆ ಏರುತ್ತದೆ, ಅಷ್ಟೆ. ಅದರ ಮೇಲೆ, ಹೆಚ್ಚು ಆಮ್ಲಜನಕ ಸಿಕ್ಕ ಮಿದುಳಿನ ರಕ್ತನಾಳಗಳು ತಾವಾಗಿಯೇ ಸ್ವಲ್ಪ ಕಿರಿದಾಗಿ ರಕ್ತದ ಹರಿವನ್ನು ತಗ್ಗಿಸುತ್ತವೆ. ಬೇಡದ್ದನ್ನು ಬೇಡವೆನ್ನುವ ವ್ಯವಸ್ಥೆ ದೇಹದಲ್ಲಿಯೇ ಇದೆ.

ನಿದ್ದೆಗೆಟ್ಟವನಿಗೆ ಕೊರತೆಯಾಗಿರುವುದು ಆಮ್ಲಜನಕವಲ್ಲ. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ, ಅದು ಹೆಚ್ಚಿದಂತೆ ನಿದ್ದೆಯ ಒತ್ತಾಯವೂ ಹೆಚ್ಚುತ್ತದೆ. ಕಾಫಿ ಮಾಡುವುದು ಇದರ ಸಂದೇಶ ಮಿದುಳಿನ ಕೋಶಗಳಿಗೆ ತಲಪದಂತೆ ಅಡ್ಡ ನಿಲ್ಲುವ ಕೆಲಸವನ್ನು ಮಾತ್ರ. ಇನ್ನೊಂದು ಕಡೆ, ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿರುವ ಪುಟ್ಟ ಗಡಿಯಾರವೊಂದು ಕಣ್ಣಿಗೆ ಬೀಳುವ ಬೆಳಕನ್ನು ಆಧರಿಸಿ ಮಲಗುವ ಹೊತ್ತು, ಏಳುವ ಹೊತ್ತುಗಳನ್ನು ನಿರ್ಧರಿಸುತ್ತದೆ. ರಾತ್ರಿ ಪಾಳಿಯವರು ಈ ಎರಡರ ನಡುವೆ ಸಿಕ್ಕಿಕೊಂಡವರು: ಹಗಲು ಮಲಗಲು ಹೋದರೆ ಗಡಿಯಾರ ಏಳು ಎನ್ನುತ್ತದೆ, ರಾತ್ರಿ ಕೆಲಸಕ್ಕೆ ಕೂತರೆ ಅಡೆನೊಸಿನ್ ಮಲಗು ಎನ್ನುತ್ತದೆ. ಉಸಿರಿನ ಮೂಲಕ ಏನು ಕೊಟ್ಟರೂ ಈ ಲೆಕ್ಕ ಚುಕ್ತಾ ಆಗುವುದಿಲ್ಲ. 1964ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ರ್‍ಯಾಂಡಿ ಗಾರ್ಡ್ನರ್ ಎಂಬ 17 ವರ್ಷದ ವಿದ್ಯಾರ್ಥಿ 264 ಗಂಟೆ ನಿದ್ದೆ ಬಿಟ್ಟು ದಾಖಲೆ ಮಾಡಿದಾಗ ಅವನನ್ನು ಸುಧಾರಿಸಿದ್ದು ಯಾವ ಯಂತ್ರವೂ ಅಲ್ಲ, ಆಮೇಲೆ ಒಂದೇ ಸಮನೆ ಮಲಗಿದ 14 ಗಂಟೆಗೂ ಮೀರಿದ ನಿದ್ದೆ.

ಹಾಗಾದರೆ ನನ್ನ ಅಕ್ಕನ ಮಗನಿಗೆ ಹಗುರವೆನಿಸಿದ್ದು ಸುಳ್ಳೇ? ಅಲ್ಲ. ಕೆದಕಿ ಕೇಳಿದಾಗ, ಆ ಕೊಠಡಿಯಲ್ಲಿ ಮುಕ್ಕಾಲು ಗಂಟೆ ತಾನು ನಿದ್ದೆಹೋಗಿದ್ದನ್ನು ಒಪ್ಪಿಕೊಂಡ. ಮಂದ ಬೆಳಕು, ಕೈಯಲ್ಲಿ ಮೊಬೈಲ್ ಇಲ್ಲ, ಯಾರೂ ಕರೆಯುವುದಿಲ್ಲ. ಇಷ್ಟಾದರೆ ಯಾರಿಗೆ ತಾನೇ ನಿದ್ದೆ ಬರುವುದಿಲ್ಲ? ದೂರಪ್ರಯಾಣದ ವಿಮಾನ ಚಾಲಕರ ಮೇಲೆ ನಾಸಾ ನಡೆಸಿದ ಅಧ್ಯಯನದಲ್ಲಿ ಸರಾಸರಿ 26 ನಿಮಿಷದ ನಿದ್ದೆಯೇ ಅವರನ್ನು ಗಮನಾರ್ಹವಾಗಿ ಚುರುಕುಗೊಳಿಸಿತ್ತು. ಆಮ್ಲಜನಕದ ಹೆಸರಿನಲ್ಲಿ ಇವನಿಗೆ ಸಿಕ್ಕಿದ್ದು ಒಂದು ಜೊಂಪು, ಅದಕ್ಕೆ ದುಡ್ಡು ತೆತ್ತದ್ದು ಕಂಪನಿ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಿದ್ದೆಗೆಟ್ಟವರ ದೊಡ್ಡ ಅಪಾಯವೆಂದರೆ ತಾವು ಎಷ್ಟು ಕುಗ್ಗಿದ್ದೇವೆಂಬುದು ಅವರಿಗೇ ತಿಳಿಯದಿರುವುದು. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎರಡು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ, ಎರಡು ರಾತ್ರಿಯವರೆಗೂ ಪೂರ್ತಿ ಎಚ್ಚರವಿದ್ದವರ ಮಟ್ಟಕ್ಕೆ ಕುಸಿದಿತ್ತು. ಅವರಾದರೋ ತಮಗೆ ತುಸು ತೂಕಡಿಕೆ ಬಿಟ್ಟರೆ ಹೆಚ್ಚೇನೂ ಆಗಿಲ್ಲವೆಂದೇ ಭಾವಿಸಿದ್ದರು. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ತೋರಿಸಲಾಗಿದೆ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಇಟ್ಟಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಕುಡಿದವನನ್ನು ಪೊಲೀಸರು ಊದಿಸಿ ಹಿಡಿಯುತ್ತಾರೆ, ನಿದ್ದೆಗೆಟ್ಟವನನ್ನು ಹಿಡಿಯುವ ಯಂತ್ರ ರಸ್ತೆಯಲ್ಲಿಲ್ಲ. ಅಂಥವನಿಗೆ ‘ಈಗ ನೀನು ಸರಿಯಾದೆ’ ಎಂದು ಹೇಳಿ ಕಳುಹಿಸುವ ವ್ಯಾಪಾರವನ್ನು ನಿರುಪದ್ರವಿ ಎನ್ನಲಾರೆ.

ಇನ್ನು ಒತ್ತಡದ ಮಾತು. ಕನ್ನಡದಲ್ಲಿ ಮನಸ್ಸಿನದ್ದಕ್ಕೂ ಗಾಳಿಯದ್ದಕ್ಕೂ ಒತ್ತಡವೆಂದೇ ಹೆಸರು. ಗಾಳಿಯ ಒತ್ತಡ ಏರಿಸಿದರೆ ಮನಸ್ಸಿನ ಒತ್ತಡ ಇಳಿಯುತ್ತದೆಂಬ ಪ್ರಚಾರಕ್ಕೆ ಈ ಪದಸಾಮ್ಯಕ್ಕಿಂತ ಗಟ್ಟಿಯಾದ ಆಧಾರ ಇದ್ದಂತಿಲ್ಲ. ಗಾಬರಿಯಾದಾಗ ‘ಉಸಿರು ಸಾಲುತ್ತಿಲ್ಲ’ ಎಂದು ಬರುವ ಯುವಕ ಯುವತಿಯರನ್ನು ತುರ್ತು ಚಿಕಿತ್ಸಾ ಘಟಕಗಳಲ್ಲಿ ಬಹಳ ನೋಡಿದ್ದೇನೆ. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 99, ಕೆಲವೊಮ್ಮೆ 100. ಅವರು ವೇಗವಾಗಿ ಉಸಿರಾಡಿ ದೇಹದ ಇಂಗಾಲದ ಡೈಆಕ್ಸೈಡ್ ಅನ್ನು ಹೊರಹಾಕಿಬಿಟ್ಟಿರುತ್ತಾರೆ, ಬೆರಳು ಜುಮುಗುಟ್ಟುವುದು, ತಲೆ ಹಗುರಾಗುವುದು ಅದರಿಂದ. ಪಕ್ಕದಲ್ಲಿ ಕುಳಿತು ‘ನಿಧಾನವಾಗಿ ಉಸಿರು ಬಿಡಮ್ಮ’ ಎಂದು ಹತ್ತು ನಿಮಿಷ ಹೇಳಿದರೆ ಬಹುಪಾಲು ಜನ ಸರಿಹೋಗುತ್ತಿದ್ದರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದ ನಮ್ಮ ಹಿರಿಯರು ದೋಷವನ್ನು ಸಂತೆಯ ಗಾಳಿಯ ಮೇಲೆ ಹೊರಿಸಲಿಲ್ಲ.

ಅಧಿಕ ಒತ್ತಡದ ಆಮ್ಲಜನಕ ಚಿಕಿತ್ಸೆ ಮೋಸವೆಂದು ಯಾರೂ ತಿಳಿಯಬಾರದು. 1960ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯ ಇಟೆ ಬೂರೆಮಾ, ಕೆಂಪು ರಕ್ತಕಣಗಳನ್ನು ಬಹುಮಟ್ಟಿಗೆ ತೆಗೆದುಹಾಕಿದ ಹಂದಿಗಳನ್ನು ಮೂರು ಪಟ್ಟು ವಾಯುಒತ್ತಡದ ಕೊಠಡಿಯಲ್ಲಿಟ್ಟು, ದ್ರವದಲ್ಲಿ ಕರಗಿದ ಆಮ್ಲಜನಕದಿಂದಲೇ ಬದುಕಿಸಿ ತೋರಿಸಿದ್ದರು. ಆಳ ಸಮುದ್ರದಿಂದ ಬೇಗ ಮೇಲೆ ಬಂದ ಮುಳುಗುಗಾರರಿಗೆ, ಕಾರ್ಬನ್ ಮೊನಾಕ್ಸೈಡ್ ಸೇವಿಸಿದವರಿಗೆ, ಗ್ಯಾಸ್ ಗ್ಯಾಂಗ್ರೀನ್ ಆದವರಿಗೆ, ಮಾಯದ ಮಧುಮೇಹದ ಹುಣ್ಣಿನವರಿಗೆ ಇದು ನಿಜವಾದ ಚಿಕಿತ್ಸೆ. ಇಸ್ರೇಲಿನಲ್ಲಿ ಕೋವಿಡ್ ನಂತರದ ದೀರ್ಘ ಬಳಲಿಕೆಯ 73 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿದ್ದೆಯೂ ಸೇರಿದಂತೆ ಕೆಲವು ತೊಂದರೆಗಳು ಸುಧಾರಿಸಿದ್ದೂ ನಿಜ. ಆದರೆ ಅಲ್ಲಿ ಕೊಟ್ಟದ್ದು ಎರಡು ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ, ಒಂದು ಸಲಕ್ಕೆ 90 ನಿಮಿಷ, ಎರಡು ತಿಂಗಳಲ್ಲಿ 40 ಸಲ, ಅದೂ ವೈದ್ಯರ ನಿಗಾದಲ್ಲಿ, ಕಾಯಿಲೆಯವರಿಗೆ. ಜಿಪ್ಪಿನ ಗುಡಾರಗಳಲ್ಲಿ ಸಾಮಾನ್ಯವಾಗಿ ಇರುವ ಒತ್ತಡ 1.3 ಪಟ್ಟು. ಅದರೊಳಗೆ ಮಾಮೂಲಿ ಗಾಳಿಯನ್ನೇ ತುಂಬಿದ್ದರೆ, ಹೊರಗೆ ಕುಳಿತು ಶೇ 27ರಷ್ಟು ಆಮ್ಲಜನಕವಿರುವ ಗಾಳಿ ಸೇವಿಸಿದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮೊದಲನೆಯದರ ಫಲಿತಾಂಶ ತೋರಿಸಿ ಎರಡನೆಯದನ್ನು ಮಾರುವುದು ಸರಿಯಲ್ಲ.

ನಿಜವಾದ ಕೊಠಡಿಯಾದರೆ ಅದರ ಅಪಾಯಗಳೂ ನಿಜವಾದವೇ. ಕಿವಿಯ ತಮಟೆಗೆ ಪೆಟ್ಟಾಗಬಹುದು, ಅಪರೂಪಕ್ಕೆ ಸೆಳವು (ಫಿಟ್ಸ್) ಬರಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಬೆಂಕಿಯ ಭಯ. 1967ರ ಜನವರಿ 27ರಂದು ಅಪೊಲೊ 1ರ ಮೂವರು ಗಗನಯಾತ್ರಿಗಳು ನೆಲದ ಮೇಲಿನ ತಾಲೀಮಿನಲ್ಲೇ ಬೆಂಕಿಗೆ ಬಲಿಯಾದದ್ದು ಶುದ್ಧ ಆಮ್ಲಜನಕ ತುಂಬಿದ ಕೋಣೆಯಲ್ಲಿ. 2025ರ ಜನವರಿ ಕೊನೆಯ ದಿನ ಅಮೆರಿಕದ ಮಿಷಿಗನ್ ರಾಜ್ಯದ ಟ್ರಾಯ್ ನಗರದಲ್ಲಿ ಇಂಥದೇ ಚಿಕಿತ್ಸೆಯ ಕೊಠಡಿ ಹೊತ್ತಿಕೊಂಡು ಐದು ವರ್ಷದ ಬಾಲಕನೊಬ್ಬ ತೀರಿಕೊಂಡ. ಆ ಮಗುವನ್ನು ಅಲ್ಲಿಗೆ ಕರೆದೊಯ್ದಿದ್ದ ಕಾರಣಗಳಲ್ಲಿ ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆಯೂ ಒಂದೆಂದು ಕುಟುಂಬದ ವಕೀಲರು ತಿಳಿಸಿದ್ದರು.

ಈ ಉಸಿರುಗಟ್ಟುವ ತೊಂದರೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ನಿಂತು, ಬೆಳಿಗ್ಗೆ ಎದ್ದಾಗಲೂ ದಣಿದಿರುವವರಲ್ಲಿ ಆಮ್ಲಜನಕ ನಿಜಕ್ಕೂ ಇಳಿಯುತ್ತಿರುತ್ತದೆ. ಆದರೆ ಅಲ್ಲಿ ಮುಚ್ಚಿಕೊಳ್ಳುವುದು ಗಂಟಲಿನ ದಾರಿ. ಅದನ್ನು ಗಾಳಿಯ ಒತ್ತಡದಿಂದ ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಬಳಕೆಗೆ ತಂದರು. ಇಂಥ ರೋಗಿಗಳ ಒಂದು ಗುಂಪಿಗೆ ರಾತ್ರಿ ಬರಿಯ ಆಮ್ಲಜನಕ, ಇನ್ನೊಂದಕ್ಕೆ ಸಿಪ್ಯಾಪ್ ಕೊಟ್ಟು ನೋಡಿದ 2014ರ ಅಮೆರಿಕದ ಅಧ್ಯಯನದಲ್ಲಿ ರಕ್ತದೊತ್ತಡ ಇಳಿದದ್ದು ಸಿಪ್ಯಾಪ್ ಗುಂಪಿನವರಲ್ಲಿ ಮಾತ್ರ. ಇವರು ಆಮ್ಲಜನಕದ ಅಂಗಡಿಗಳಲ್ಲಿ ಕಾಲ ಕಳೆದಷ್ಟೂ ಸರಿಯಾದ ತಪಾಸಣೆ ಮುಂದೆ ಹೋಗುತ್ತದೆ. ಹೊಗೆಸೊಪ್ಪು ಸೇದಿ ಶ್ವಾಸಕೋಶ ಕೆಡಿಸಿಕೊಂಡ ಹಿರಿಯರಿಗಂತೂ ಅಳತೆಯಿಲ್ಲದ ಆಮ್ಲಜನಕ ಅಪಾಯವನ್ನೇ ತರಬಹುದು. ಅಂಥವರಲ್ಲಿ ನಾವು ಸ್ಯಾಚುರೇಷನ್ನನ್ನು 88ರಿಂದ 92ರ ಒಳಗೇ ಇಡಲು ನೋಡುತ್ತೇವೆ.

ಬೆಲೆಯ ಬಗ್ಗೆಯೂ ಒಂದು ಲೆಕ್ಕ. 2019ರ ನವೆಂಬರ್‌ನಲ್ಲಿ ದೆಹಲಿಯ ಸಾಕೇತ್‌ನ ‘ಆಮ್ಲಜನಕದ ಬಾರ್’ ಸುದ್ದಿಯಾದಾಗ, ನಿಂಬೆಹುಲ್ಲು, ದಾಲ್ಚಿನ್ನಿ, ನೀಲಗಿರಿ ಮೊದಲಾದ ಪರಿಮಳ ಬೆರೆಸಿದ ಆಮ್ಲಜನಕಕ್ಕೆ ಅಲ್ಲಿನ ದರ 15 ನಿಮಿಷಕ್ಕೆ 299 ರೂಪಾಯಿ. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಸಿಲಿಂಡರಿಗೆ ತುಂಬುವ ವೈದ್ಯಕೀಯ ಆಮ್ಲಜನಕಕ್ಕೆ ನಿಗದಿ ಮಾಡಿದ ಗರಿಷ್ಠ ಬೆಲೆ ಘನ ಮೀಟರಿಗೆ 25 ರೂಪಾಯಿ 71 ಪೈಸೆ. ನಿಮಿಷಕ್ಕೆ ಐದು ಲೀಟರಿನಂತೆ ಕಾಲು ಗಂಟೆ ಕೊಟ್ಟರೂ ಆ ದರದಲ್ಲಿ ಎರಡು ರೂಪಾಯಿ ಆಗುವುದಿಲ್ಲ. 1774ರಲ್ಲಿ ಆಮ್ಲಜನಕವನ್ನು ಬೇರ್ಪಡಿಸಿದ ಜೋಸೆಫ್ ಪ್ರೀಸ್ಟ್ಲಿ, ಈ ಗಾಳಿ ಮುಂದೊಂದು ದಿನ ಶ್ರೀಮಂತರ ಶೋಕಿಯಾಗಬಹುದು, ಸದ್ಯಕ್ಕೆ ಇದನ್ನು ಉಸಿರಾಡಿದವರು ಎರಡು ಇಲಿಗಳು ಮತ್ತು ನಾನು ಎಂದು ತಮಾಷೆಯಾಗಿ ಬರೆದಿದ್ದ. 2021ರ ಮೇ ಮೊದಲ ವಾರ ಚಾಮರಾಜನಗರದ ಆಸ್ಪತ್ರೆಯಿಂದ ಬಂದ, ಆಮ್ಲಜನಕ ಸಿಗದೆ ರೋಗಿಗಳು ಸತ್ತ ಸುದ್ದಿ ಓದಿದ ನಮಗೆ ಆ ತಮಾಷೆ ರುಚಿಸುವುದು ಕಷ್ಟ.

ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. ಚಿಕಿತ್ಸೆ ಎಂಬ ಹೆಸರಿನಲ್ಲಿ ಆಮ್ಲಜನಕ ಕೊಡುವ ಕೇಂದ್ರಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿವೆಯೇ, ಅಲ್ಲಿ ತರಬೇತಾದ ವೈದ್ಯರಿದ್ದಾರೆಯೇ, ಬೆಂಕಿಯಿಂದ ರಕ್ಷಣೆಗೆ ಏನು ವ್ಯವಸ್ಥೆಯಿದೆ ಎಂಬುದನ್ನು ಜಿಲ್ಲಾ ಅಧಿಕಾರಿಗಳು ಖುದ್ದಾಗಿ ಹೋಗಿ ನೋಡಲಿ. ನೌಕರರಿಗೆ ಕೂಪನ್ ಹಂಚುವ ಕಂಪನಿಗಳು ಆ ಹಣದಲ್ಲಿ ಕತ್ತಲೆಯ ಕೋಣೆಯೊಂದರಲ್ಲಿ ನಾಲ್ಕು ಮಂಚ ಹಾಕಿಸಲಿ, ಪಾಳಿಯ ದಿನಗಳನ್ನು ವಾರವಾರವೂ ಅದಲುಬದಲು ಮಾಡುವುದನ್ನು ನಿಲ್ಲಿಸಲಿ, ರಾತ್ರಿ ಪಾಳಿ ಮುಗಿಸಿದವರಿಗೆ ಮನೆ ತಲಪಲು ವಾಹನ ಕೊಡಲಿ. ಐಟಿ ವಲಯದ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಚರ್ಚೆಗೆ ಬಂದು ಕಾರ್ಮಿಕ ಸಂಘಟನೆಗಳು ವಿರೋಧಿಸಿದ್ದವು. ಹದಿನಾಲ್ಕು ಗಂಟೆ ದುಡಿದು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕಳೆದವನು ಯಾವ ಹೊತ್ತಿನಲ್ಲಿ ಉಂಡು ಮಲಗಬೇಕೆಂದು ಅದನ್ನು ಮುಂದಿಟ್ಟವರು ಲೆಕ್ಕ ಹಾಕಿರಲಾರರು. ಮನಸ್ಸು ತೀರಾ ಕುಗ್ಗಿದವರು ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ನನ್ನ ಅಕ್ಕನ ಮಗ ಈಗ ಶನಿವಾರ ಹಗಲೆಲ್ಲ ಕಿಟಕಿಗೆ ದಪ್ಪ ಪರದೆ ಎಳೆದು ಮಲಗಿ, ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಬರುತ್ತಾನೆ. ಕೂಪನ್ನಿನಲ್ಲಿ ಇನ್ನೂ ನಾಲ್ಕು ಸೆಷನ್ ಉಳಿದಿವೆಯಂತೆ.

ಇತಿ,
ನಿವೃತ್ತ ಅರಿವಳಿಕೆ ವೈದ್ಯೆ, ಮೈಸೂರು