ಭೌತವಿಜ್ಞಾನಕ್ಕೂ ಮೊದಲು ಹನ್ನೆರಡು ತಾಸು ಗಣಿತ ಕಲಿಸಿ

ಮಾನ್ಯರೇ,

ಪ್ರಥಮ ಪಿಯು ವಿಜ್ಞಾನಕ್ಕೆ ಸೇರುವ ಕೊಪ್ಪಳ, ರಾಯಚೂರು ಭಾಗದ ಎಷ್ಟೋ ಮಕ್ಕಳು ಮೊದಲ ಕಿರುಪರೀಕ್ಷೆ ಮುಗಿಯುವಷ್ಟರಲ್ಲೇ ‘ಫಿಸಿಕ್ಸ್ ನಮ್ಮ ಕೈಲಾಗದು’ ಎಂದು ಕೈಚೆಲ್ಲುತ್ತಾರೆ. ಅವರ ಉತ್ತರ ಪತ್ರಿಕೆ ನೋಡಿದರೆ ಸೂತ್ರ ಸರಿಯಿರುತ್ತದೆ, ಬೆಲೆಗಳನ್ನು ಹಾಕಿದ್ದೂ ಸರಿ. ಎಡವಿದ್ದು ಹೈಸ್ಕೂಲಿನ ಗಣಿತದಲ್ಲಿ.

ಘಾತಾಂಕವನ್ನೇ ನೋಡಿ. ಬೆಳಕಿನ ವೇಗ 3×10⁸ ಅನ್ನು ತರಂಗದೂರ 6×10⁻⁷ರಿಂದ ಭಾಗಿಸಬೇಕು. 8ರಿಂದ ಮೈನಸ್ 7 ಕಳೆದರೆ 15. 3ನ್ನು 6ರಿಂದ ಭಾಗಿಸಿದರೆ 0.5. ಆದ್ದರಿಂದ ಆವೃತ್ತಿ 0.5×10¹⁵, ಅಂದರೆ 5×10¹⁴ ಹರ್ಟ್ಸ್. ಕಳೆಯುವ ಬದಲು ಕೂಡಿಸಿದವರಿಗೆ ಬರುವುದು ಬರೀ 5 ಹರ್ಟ್ಸ್!

ಹೆಚ್ಚು ಅಂಕ ನುಂಗುವುದು ಏಕಮಾನಗಳ ಪರಿವರ್ತನೆ. ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದ ಒಳಹರಿವು ಪತ್ರಿಕೆಯಲ್ಲಿ ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ಲೆಕ್ಕದಲ್ಲಿ, ಸಂಗ್ರಹ ಟಿಎಂಸಿ ಲೆಕ್ಕದಲ್ಲಿ ಬರುತ್ತದೆ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಒಂದು ಅಡಿ 0.3048 ಮೀಟರ್, ಘನ ಅಡಿಯಾದ್ದರಿಂದ 0.3048ನ್ನು ಮೂರು ಸಲ ಗುಣಿಸಬೇಕು, ಆಗ 0.0283. ಅಂದರೆ ಒಂದು ಟಿಎಂಸಿ ಸುಮಾರು 2.83 ಕೋಟಿ ಘನ ಮೀಟರ್. ಒಂದೇ ಸಲ ಗುಣಿಸಿ ಬಿಟ್ಟರೆ ಉತ್ತರ ಹೆಚ್ಚುಕಡಿಮೆ 11 ಪಟ್ಟು ಉಬ್ಬುತ್ತದೆ. ತಂತಿಯ ಅಡ್ಡಕೊಯ್ತದ ಒಂದು ಚದರ ಮಿಲಿಮೀಟರನ್ನು 10⁻⁶ ಚದರ ಮೀಟರ್ ಎನ್ನುವ ಬದಲು 10⁻³ ಎಂದು ಬರೆಯುವುದೂ ಇದೇ ತಪ್ಪು. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದೇ ದಿನದಲ್ಲಿ ಒಂದು ಟಿಎಂಸಿ ತುಂಬಲು ಎಷ್ಟು ಕ್ಯುಸೆಕ್ ಬೇಕು? ಸುಮಾರು 11,574. ಇಂಥ ಲೆಕ್ಕ ಮಕ್ಕಳು ಖುಷಿಯಿಂದ ಮಾಡುತ್ತಾರೆ.

ಸೂತ್ರ ತಿರುಗಿಸುವುದು ಇನ್ನೊಂದು ತೊಡಕು. ಉದ್ದ l ಇರುವ ಲೋಲಕದ ಆಂದೋಲನ ಕಾಲ T = 2π√(l/g)ಯಿಂದ ಗುರುತ್ವ ವೇಗೋತ್ಕರ್ಷ g ಬೇಕಾದರೆ ಮೊದಲು ಎರಡೂ ಬದಿಯನ್ನು ವರ್ಗ ಮಾಡಬೇಕು, ಆಮೇಲೆ g ಮೇಲಕ್ಕೆ ಬರುತ್ತದೆ: g = 4π²l/T². ಬಹಳಷ್ಟು ಮಂದಿ πಯನ್ನು ವರ್ಗ ಮಾಡಿ 2ನ್ನು ಮರೆಯುತ್ತಾರೆ. ಉದ್ದ 1 ಮೀಟರ್, ಕಾಲ 2 ಸೆಕೆಂಡ್ ಇದ್ದಾಗ 9.87 ಬರಬೇಕಾದಲ್ಲಿ 4.93 ಬರುತ್ತದೆ. g ಸುಮಾರು 9.8 ಎಂದು ಗೊತ್ತಿದ್ದೂ ಅದನ್ನೇ ಬರೆದು ಎದ್ದು ಹೋಗುತ್ತಾರೆ. ಉತ್ತರವನ್ನು ಅಳೆದು ನೋಡುವ ರೂಢಿಯನ್ನೂ ನಾವೇ ಕಲಿಸಬೇಕು. ಇಳಿಜಾರಿನಲ್ಲಿ ಜಾರಿಸುವ ಬಲ mg sin θ ಹೌದೋ, mg cos θ ಹೌದೋ ಎಂಬ ಗೊಂದಲಕ್ಕೂ ಅದೇ ಮದ್ದು: ಇಳಿಜಾರಿನ ಕೋನ θ ಸೊನ್ನೆ ಎಂದುಕೊಳ್ಳಿ, ಸಪಾಟು ನೆಲದ ಮೇಲೆ ಬಲವೂ ಸೊನ್ನೆಯಾಗಬೇಕು, sin 0 ಮಾತ್ರ ಸೊನ್ನೆ.

ಪಠ್ಯದ ಕ್ರಮವೂ ಮಕ್ಕಳಿಗೆ ಪ್ರತಿಕೂಲವಾಗಿದೆ. ಸರಳರೇಖೆಯ ಚಲನೆ ಭೌತವಿಜ್ಞಾನದ ಆರಂಭದಲ್ಲೇ ಬರುತ್ತದೆ, ಅಲ್ಲೇ dx/dt, ಅಂದರೆ ಕಾಲದೊಂದಿಗೆ ಸ್ಥಾನ ಬದಲಾಗುವ ದರ, ಬೇಕು. ಆ ದರ ತೆಗೆಯುವ ಅವಕಲನ ಗಣಿತದಲ್ಲಿ ಬರುವುದು ಪುಸ್ತಕದ ಕೊನೆಯ ಭಾಗದಲ್ಲಿ. ಗಣಿತದವರು ಇಡೀ ಅಧ್ಯಾಯ ಮುಂದಕ್ಕೆ ತರಬೇಕಿಲ್ಲ. ನಕ್ಷೆಯ ಇಳಿಜಾರನ್ನು ಅಕ್ಷಗಳ ಅಳತೆಯಂತೆ ತೆಗೆಯುವುದು (ಚೌಕ ಎಣಿಸಿ ಅಲ್ಲ), tⁿನ ಅವಕಲನ ntⁿ⁻¹ ಎಂಬುದು, ಇಷ್ಟು ಬಂದರೆ ಚಲನೆಯ ಪಾಠ ಸಾಗುತ್ತದೆ.

ಆದ್ದರಿಂದ ತರಗತಿ ಶುರುವಾದ ಮೊದಲ ಎರಡು ವಾರ, ದಿನಕ್ಕೊಂದು ತಾಸಿನಂತೆ, ಇವನ್ನು ಮಾತ್ರ ಕಲಿಸಲು ಪದವಿಪೂರ್ವ ಕಾಲೇಜುಗಳಿಗೆ ಇಲಾಖೆ ಅನುಮತಿ ಕೊಡಲಿ. ಮೊದಲ ದಿನವೇ ಅಂಕವಿಲ್ಲದ ಹತ್ತು ಪ್ರಶ್ನೆ ಕೊಟ್ಟು, ಯಾರು ಎಲ್ಲಿ ತಪ್ಪುತ್ತಾರೆಂದು ಗುರುತಿಸಿಕೊಂಡರೆ ಹನ್ನೆರಡು ತಾಸಿನಲ್ಲಿ ಅರ್ಧದಷ್ಟನ್ನು ಏಕಮಾನಕ್ಕೆ ಕೊಡಬೇಕೋ, ಸೂತ್ರಕ್ಕೆ ಕೊಡಬೇಕೋ ಎಂಬುದು ಅಲ್ಲೇ ತಿಳಿಯುತ್ತದೆ.

– ಭೌತವಿಜ್ಞಾನ ಉಪನ್ಯಾಸಕರು, ಕೊಪ್ಪಳ