ಮಜ್ಜಿಗೆಗೆ ಯಾರೂ ಅರಿಶಿನ ಹಾಕಿರಲಿಲ್ಲ

ಮಾನ್ಯ ಸಂಪಾದಕರೇ,

ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲಾ ಹಳದಿ ಅಂತ ಗಾದೆ ಇದೆಯಲ್ಲ, ಆ ಗಾದೆ ನಂಬಿ ನಮ್ಮನೇಲಿ ಆರು ದಿನ ಹಾಳಾಯ್ತು, ಅದನ್ನ ಹೇಳೋಣ ಅಂತಾನೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿ ಹಾಕಿದ್ರೂ ಬೇಜಾರಿಲ್ಲ, ಮಾತ್ರೆ ಹೆಸರು ಮಾತ್ರ ಕತ್ತರಿಸಬೇಡಿ.

ನಮ್ಮಮ್ಮಂಗೆ 68 ವರ್ಷ. ಹುಡುಗಿ ಆಗಿದ್ದಾಗ ಗಂಟಲು ನೋವು, ಜ್ವರ, ಕೀಲು ಊತ ಅಂತ ತಿಂಗಳುಗಟ್ಟಲೆ ಮಲಗಿದ್ದಳಂತೆ, ಆಗಿನ ಕಾಲದಲ್ಲಿ ಹಳ್ಳೀಲಿ ಅದನ್ನ ಯಾರು ತಲೆಗೆ ಹಾಕ್ಕೊಂಡ್ರು, ಅದು ರುಮ್ಯಾಟಿಕ್ ಜ್ವರ, ಹೃದಯದ ವಾಲ್ವು ಕೆಡಿಸಿ ಹೋಗಿದೆ ಅಂತ ಗೊತ್ತಾಗಿದ್ದು ನಾನು ಹುಟ್ಟಿದ ಮೇಲೆ. ಬಲೂನ್ ಹಾಕಿ ವಾಲ್ವು ಅಗಲ ಮಾಡಿಸಿದ್ದಾಯ್ತು, ಆದ್ರೂ ಎದೆ ಬಡಿತ ತಾಳ ತಪ್ಪೋದು ನಿಲ್ಲಲಿಲ್ಲ, ಏಟ್ರಿಯಲ್ ಫಿಬ್ರಿಲೇಷನ್ ಅಂತಾರೆ ಅದಕ್ಕೆ. ರಕ್ತ ಹೆಪ್ಪುಗಟ್ಟದೇ ಇರೋಕೆ ಒಂದು ಮಾತ್ರೆ, ಮೈ ನೀರು ಇಳಿಯೋಕೆ ಲ್ಯಾಸಿಕ್ಸ್, ಬಡಿತ ಹಿಡಿತದಲ್ಲಿರೋಕೆ ಡಿಗಾಕ್ಸಿನ್ 0.25 ಎಂಜಿ. ಈ ಡಿಗಾಕ್ಸಿನ್ ವಾರಕ್ಕೆ ಐದೇ ದಿನ, ಶನಿವಾರ ಭಾನುವಾರ ಇಲ್ಲ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು, ಆದ್ರೆ "ಇಸ್ಕೂಲಿಗೆ ರಜಾ ಇದ್ದಂಗೆ ಈ ಮಾತ್ರೆಗೂ ರಜಾ" ಅಂತ ಹತ್ತು ವರ್ಷ ಒಂದು ದಿನವೂ ತಪ್ಪು ಮಾಡಿರಲಿಲ್ಲ.

ಕೆಡಿಸಿದ್ದು ನಾನು. ವಯಸ್ಸಾಯ್ತು, ಮರೀತಾಳೆ ಅಂತ ಆನ್‌ಲೈನ್‌ನಲ್ಲಿ ಏಳು ಖಾನೆಯ ಮಾತ್ರೆ ಡಬ್ಬಿ ತರಿಸಿದೆ, ಭಾನುವಾರ ಕೂತ್ಕೊಂಡು ಏಳಕ್ಕೆ ಏಳೂ ತುಂಬಿಸಿಟ್ಟೆ, ನೋಡೋಕೆ ಅಷ್ಟು ನೀಟಾಗಿತ್ತು, ಫೋಟೋ ತೆಗೆದು ತಂಗಿಗೆ ವಾಟ್ಸಪ್‌ನಲ್ಲೂ ಕಳಿಸಿದ್ದೆ. ಮಗ ತುಂಬಿಸಿಟ್ಟಿದ್ದಾನೆ ಅಂದ್ಮೇಲೆ ಡಾಕ್ಟ್ರು ಹೇಳೇ ತುಂಬಿಸಿರ್ತಾನೆ ಅಂತ ಅವಳೂ ಸುಮ್ಮನೆ ನುಂಗಿದ್ಲು. ಎರಡು ತಿಂಗಳು ಹಂಗೇ ನಡೀತು. ಏಪ್ರಿಲ್ ಬಿಸಿಲಲ್ಲಿ ಮೂರು ದಿನ ಭೇದಿ ಆಯ್ತು, ಆಮೇಲೆ ಊಟ ಸೇರಲಿಲ್ಲ, ಗಂಜಿ ಮುಂದಿಟ್ರೆ ಓಕರಿಕೆ, ಬೇಸಿಗೆ ಅಲ್ವಾ ಅಂದ್ಕೊಂಡ್ವಿ. (ಊಟ ಬೇಡ ಅನ್ನೋದೇ ಈ ಮಾತ್ರೆ ಜಾಸ್ತಿ ಆಗಿರೋದಕ್ಕೆ ಮೊದಲ ಸೂಚನೆ ಆಗಿರಬಹುದಂತೆ, ಆಮೇಲೆ ತಿಳೀತು.)

ಒಂದು ಮಧ್ಯಾಹ್ನ ಲೋಟ ಕೈಗೆ ಕೊಟ್ರೆ ಅಮ್ಮ ನನ್ನ ಹೆಂಡತಿಗೆ, "ಮಜ್ಜಿಗೆಗೆ ಯಾಕಮ್ಮ ಅರಿಶಿನ ಹಾಕಿದೀಯ" ಅಂದ್ಲು. ನಾವು ನಕ್ವಿ. ಸಂಜೆ ಅನ್ನ ನೋಡಿ ಚಿತ್ರಾನ್ನ ಯಾಕೆ ಅಂದ್ಲು, ಆಗ ನಗು ಬರಲಿಲ್ಲ. ಬೆಳಿಗ್ಗೆ ದೇವರಿಗೆ ಅಂತ ತಂದ ಮಲ್ಲಿಗೆ ಬಾಡಿದೆ ವಾಪಸ್ ಕೊಡು ಅಂತ ಹೂವಿನವಳ ಹತ್ರ ಜಗಳ, ಗೋಡೆ ಸುಣ್ಣ, ನನ್ನ ಬನಿಯನ್ನು, ಎಲ್ಲಾ ಹಳದಿ, ಅಂಚಲ್ಲಿ ಸ್ವಲ್ಪ ಹಸಿರು ಹಸಿರು.

ಬೀದಿಗೆ ಬೀದಿಯೇ ಕಾಮಾಲೆ ಅಂತ ತೀರ್ಪು ಕೊಡ್ತು. ನಾನು ಟಾರ್ಚ್ ಹಾಕಿ ನೋಡಿದೆ, ಕಣ್ಣಿನ ಬಿಳಿ ಬೆಳ್ಳಗೇ ಇತ್ತು, ಅದಕ್ಕೆ ಪಕ್ಕದ ಮನೆಯವರು "ಇದು ಒಳಗಿನ ಕಾಮಾಲೆ" ಅಂದ್ರು, ಅದಕ್ಕೇನು ಉತ್ತರ ಕೊಡ್ತೀರ! ಪಕ್ಕದೂರಲ್ಲಿ ಸೊಪ್ಪಿನ ರಸ ಕೊಡೋರ ಹತ್ರ ಮೂರು ದಿನ ಕರ್ಕೊಂಡು ಹೋದೆ, ಉಪ್ಪಿಲ್ಲ ಎಣ್ಣೆಯಿಲ್ಲ ಪಥ್ಯ, ಮೊದಲೇ ತಿನ್ನದವಳು ಇನ್ನೂ ಸೊರಗಿದ್ಲು. ಆಮೇಲೆ ಒಂದು ಕಣ್ಣಿನ ಕ್ಲಿನಿಕ್. ಅಲ್ಲಿ ಮೆಷಿನ್‌ನಲ್ಲಿ ನೋಡಿ ಪೊರೆ ಬಂದಿದೆ, ಆಪರೇಷನ್‌ಗೆ ಡೇಟ್ ತಗೊಳ್ಳಿ ಅಂದ್ರು. ಪೊರೆ ಇದ್ದಿದ್ದು ನಿಜವೇ, ಆ ವಯಸ್ಸಿಗೆ ಯಾರಿಗಿರಲ್ಲ. ಆದ್ರೆ ಪೊರೆಯಿಂದ ಬಣ್ಣ ಮಂಕಾಗೋದು ವರ್ಷಗಟ್ಟಲೆ ನಿಧಾನಕ್ಕೆ, ಮೊನ್ನೆ ಬೆಳ್ಳಗಿದ್ದ ಮಜ್ಜಿಗೆ ಇವತ್ತು ಹಳದಿ ಆಗಲ್ಲ. ಬೇರೆ ಏನಾದ್ರೂ ಮಾತ್ರೆ ತಗೋತಾರಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಕಣ್ಣಿಗೂ ಹಾರ್ಟಿಗೂ ಏನು ಸಂಬಂಧ ಅಂದ್ಕೊಂಡೆ.

ಆರನೇ ದಿನ ರಾತ್ರಿ ತಲೆ ಸುತ್ತು ಅಂದ್ಲು, ಮನೇಲಿದ್ದ ಬಿಪಿ ಮೆಷಿನ್ ಕಟ್ಟಿದ್ರೆ ಪಲ್ಸ್ 42. ಕಾರು ಮಾಡ್ಕೊಂಡು ತುಮಕೂರಿಗೆ ಓಡಿದ್ವಿ. ಡ್ಯೂಟಿಯಲ್ಲಿದ್ದ ಲೇಡಿ ಡಾಕ್ಟ್ರು ಚಿಕ್ಕ ವಯಸ್ಸಿನವರು, ಇಸಿಜಿ ತೆಗೀತಾ ತೆಗೀತಾ "ಅಜ್ಜಿ, ನನ್ನ ಕೋಟು ಯಾವ ಬಣ್ಣ" ಅಂದ್ರು. ಅಮ್ಮ "ಹಳದಿ" ಅಂದ್ಲು. ಆಯಮ್ಮ ತಕ್ಷಣ ನನ್ನ ಕಡೆ ತಿರುಗಿ ಮಾತ್ರೆ ತಂದಿದೀರಾ ಅಂದ್ರು, ಡಬ್ಬಿ ಕೊಟ್ಟೆ, ಲೈಟಿಗೆ ಹಿಡಿದು ಒಂದೊಂದೇ ಖಾನೆ ನೋಡಿದ್ರು, ಫೈಲಲ್ಲಿದ್ದ ಹಳೇ ಚೀಟಿ ತೆಗೆದು ಅದರಲ್ಲಿ ಬರೆದಿದ್ದ 5/7 ಅನ್ನೋದರ ಮೇಲೆ ಬೆರಳಿಟ್ಟು ಸುಮ್ಮನೆ ನಿಂತ್ರು. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಡಿಗಾಕ್ಸಿನ್‌ನಲ್ಲಿ ಸರಿಯಾದ ಡೋಸ್‌ಗೂ ವಿಷ ಆಗೋ ಡೋಸ್‌ಗೂ ನಡುವೆ ಅಂತರ ತೀರಾ ಕಮ್ಮಿ. ಮೈಯಿಂದ ಅದು ಹೊರಗೆ ಹೋಗೋದು ಹೆಚ್ಚಾಗಿ ಕಿಡ್ನಿ ಮೂಲಕ, ಭೇದಿಯಾಗಿ ಮೈ ಒಣಗಿದಾಗ ಕಿಡ್ನಿ ಸುಸ್ತಾಗಿ ಮಾತ್ರೆ ಒಳಗೇ ಉಳ್ಕೊಳ್ಳುತ್ತೆ, ಜೊತೆಗೆ ಭೇದಿ, ಲ್ಯಾಸಿಕ್ಸ್ ಎರಡೂ ಸೇರಿ ಪೊಟ್ಯಾಸಿಯಂ ಇಳಿಸಿದ್ರೆ ಅದರ ವಿಷ ಇನ್ನೂ ಜೋರು. ಹೃದಯದ ಜೀವಕೋಶದಲ್ಲಿ ಸೋಡಿಯಂ ಪೊಟ್ಯಾಸಿಯಂ ಹಾಕಿ ತೆಗೆಯೋ ಒಂದು ಪಂಪ್ ಇರುತ್ತಂತೆ, ಈ ಮಾತ್ರೆ ಕೆಲಸ ಮಾಡೋದು ಅದರ ಮೇಲೆ, ಅಂಥದ್ದೇ ಪಂಪ್ ಕಣ್ಣಿನ ಹಿಂದಿನ ಪರದೆಯಲ್ಲಿ ಬಣ್ಣ ಗುರುತಿಸೋ ಕೋಶಗಳಲ್ಲೂ ಇದೆ, ಅದಕ್ಕೇ ಹಳದಿ. ಕಾಮಾಲೆಯಲ್ಲಿ ಹಳದಿ ಆಗೋದು ರೋಗಿಯ ಕಣ್ಣು, ಅದು ಕಾಣೋದು ಎದುರಿಗಿರೋರಿಗೆ, ರೋಗಿಗೆ ಲೋಕ ಸಾಮಾನ್ಯವಾಗಿ ಮಾಮೂಲಿ ಬಣ್ಣದಲ್ಲೇ ಇರುತ್ತೆ. ಗಾದೆ ಕಟ್ಟಿದವರು ರೋಗಿಯನ್ನ ಕೇಳಿರಲಿಲ್ಲ ಅನ್ಸುತ್ತೆ.

ಇದೇನು ಹೊಸ ವಿಷಯವೂ ಅಲ್ಲ. ಈ ಔಷಧಿ ಬಂದಿದ್ದು ಫಾಕ್ಸ್‌ಗ್ಲವ್ ಅನ್ನೋ ಹೂವಿನ ಗಿಡದ ಜಾತಿಯಿಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ವಿಲಿಯಂ ವಿದರಿಂಗ್ ಅನ್ನೋ ಡಾಕ್ಟ್ರು 1785ರಲ್ಲೇ ಇದನ್ನ ಜಾಸ್ತಿ ಕೊಟ್ರೆ ವಾಂತಿ ಆಗುತ್ತೆ, ವಸ್ತುಗಳು ಹಸಿರು ಹಳದಿ ಕಾಣ್ತವೆ, ನಾಡಿ ನಿಮಿಷಕ್ಕೆ 35ಕ್ಕೂ ಇಳಿಯುತ್ತೆ ಅಂತ ಬರೆದಿಟ್ಟಿದಾನೆ. ಟಿಪ್ಪು ಕಾಲದಲ್ಲಿ ಬರೆದಿದ್ದು ನಮ್ಮ ಬೀದಿಗೆ ಇನ್ನೂ ಬಂದಿಲ್ಲ ನೋಡಿ.

ಮಾತ್ರೆ ನಿಲ್ಲಿಸಿ, ಡ್ರಿಪ್ ಹಾಕಿ, ಮಾನಿಟರ್ ಹಾಕಿ ನಾಲ್ಕು ದಿನ ಇಟ್ಕೊಂಡ್ರು. ಬಣ್ಣ ಸರಿ ಹೋಗೋಕೆ ವಾರದ ಮೇಲೆ ಹಿಡೀತು, ಹಳದಿ ಒಂದೇ ಸಲ ಹೋಗಲಿಲ್ಲ, ದಿನಾ ಬೆಳಿಗ್ಗೆ ಹಾಲಿನ ಲೋಟ ತೋರಿಸಿ ಕೇಳ್ತಿದ್ದೆ.

ಪಕ್ಕದ ಬೆಡ್‌ನಲ್ಲಿದ್ದ ಯಜಮಾನರಿಗೆ ಇನ್ನೊಂದು ಥರ. ಅವರು ಬಡಿತ ಸರಿ ಇರಲಿ ಅಂತ ಅಮಿಯೋಡರೋನ್ ತಗೋತಿದ್ರು, ರಾತ್ರಿ ಎದುರಿಗೆ ಬರೋ ಲಾರಿ ಲೈಟಿನ ಸುತ್ತ ಬಳೆ ಬಳೆ ಕಾಣುತ್ತೆ ಅಂತ ಸ್ಕೂಟರ್ ಬಿಟ್ಟುಬಿಟ್ಟಿದ್ರಂತೆ. ತಿಂಗಳುಗಟ್ಟಲೆ ಆ ಮಾತ್ರೆ ತಗೊಂಡ್ರೆ ಹೆಚ್ಚುಕಮ್ಮಿ ಎಲ್ಲರ ಕಾರ್ನಿಯಾದಲ್ಲೂ ಸಣ್ಣ ಸಣ್ಣ ಕಣ ಸುಳಿ ಸುಳಿಯಾಗಿ ಕೂರುತ್ತೆ, ತುಂಬಾ ಜನಕ್ಕೆ ಗೊತ್ತೇ ಆಗಲ್ಲ, ಕೆಲವರಿಗೆ ಹಿಂಗೆ ಬಳೆ ಕಾಣುತ್ತೆ, ಅಷ್ಟಕ್ಕೇ ಗಾಬರಿ ಬೀಳೋದು ಬೇಡ ಅಂದ್ರಂತೆ ಅವರ ಡಾಕ್ಟ್ರು. ಆದ್ರೆ ಅಪರೂಪಕ್ಕೆ ಕಣ್ಣಿನ ನರಕ್ಕೇ ಪೆಟ್ಟು ಬೀಳಬಹುದು, ದೃಷ್ಟಿ ಇದ್ದಕ್ಕಿದ್ದಂಗೆ ಕಮ್ಮಿ ಆದ್ರೆ ಅವತ್ತೇ ಬರಬೇಕು ಅಂತಾನೂ ಹೇಳಿದ್ರಂತೆ. ಭಯಬಿದ್ದು ತಾವೇ ಮಾತ್ರೆ ನಿಲ್ಲಿಸೋದು ಇನ್ನೂ ಅಪಾಯ, ಬಡಿತ ಮತ್ತೆ ಕೆಡುತ್ತೆ.

ನನ್ನ ಬೇಡಿಕೆ ದೊಡ್ಡದಲ್ಲ. ಡಿಸ್ಚಾರ್ಜ್ ಸಮ್ಮರಿ ಪೂರ್ತಿ ಇಂಗ್ಲಿಷ್‌ನಲ್ಲೇ ಇರಲಿ, ಕೆಳಗೆ ಎರಡೇ ಸಾಲು ಕನ್ನಡದಲ್ಲಿ ಬರೆಯೋಕೆ ಏನು ಕಷ್ಟ: ಈ ಮಾತ್ರೆ ಶನಿ ಭಾನು ಬೇಡ, ಬಣ್ಣ ವ್ಯತ್ಯಾಸ ಕಂಡ್ರೆ, ಊಟ ಸೇರದಿದ್ರೆ ಬನ್ನಿ. 5/7 ಅಂದ್ರೆ ವಾರಕ್ಕೆ ಐದು ದಿನ ಅಂತ ಓದುಬರಹ ಬಲ್ಲ ನನಗೇ ಹೊಳೀಲಿಲ್ಲ. ಕಣ್ಣಿನ ಕ್ಲಿನಿಕ್‌ಗಳಲ್ಲಿ ಶುಗರ್ ಇದೆಯಾ ಬಿಪಿ ಇದೆಯಾ ಅಂತ ಕೇಳ್ತೀರಲ್ಲ, ಹಾರ್ಟಿನ ಮಾತ್ರೆ ಯಾವುದು ಅಂತಾನೂ ಕೇಳಿ. ನಿಮ್ಮ ಪತ್ರಿಕೆ ಆರೋಗ್ಯ ಪುಟದಲ್ಲಿ ಕೂದಲು ಉದುರೋದರ ಬಗ್ಗೆ ತಿಂಗಳಿಗೆ ಎರಡು ಸಲ ಬರುತ್ತೆ, ಒಂದು ಸಲ ಇದೂ ಬರಲಿ.

ಅಮ್ಮ ಈಗ ಹುಷಾರು. ಡಾಕ್ಟ್ರು ಡಿಗಾಕ್ಸಿನ್ ಅರ್ಧ ಮಾಡಿದಾರೆ, ಐದು ದಿನವೇ. ಏಳು ಖಾನೆ ಡಬ್ಬಿಯಲ್ಲಿ ಈಗ ಅಮ್ಮ ಲವಂಗ ಏಲಕ್ಕಿ ಹಾಕಿಟ್ಟಿದಾಳೆ. ಮಾತ್ರೆ ಸ್ಟ್ರಿಪ್ ಹಳೇ ಪದ್ಧತಿಯಂತೆ ಕ್ಯಾಲೆಂಡರ್ ಮೊಳೆಗೆ ರಬ್ಬರ್ ಬ್ಯಾಂಡ್‌ನಲ್ಲಿ ನೇತಾಡ್ತಿದೆ, ಅದನ್ನ ನಾನು ಮುಟ್ಟಂಗಿಲ್ಲ.

ಇತಿ,
ಒಬ್ಬ ಓದುಗ
ತಿಪಟೂರು